ಕ್ಯಾತನಹಳ್ಳಿಯ ಹಸಿರು ಶಾಲು

ಮಂಡ್ಯ ಜಿಲ್ಲೆಯ ವಿಧಾನಸಭಾ ಫಲಿತಾಂಶಗಳನ್ನು ವರ್ಷವಾರು ಬರೆದು ಎದುರಿಗಿಟ್ಟುಕೊಂಡರೆ ಗಾಳಿ ಯಾವ ಕಾಲಕ್ಕೆ ಯಾವ ಕಡೆಯಿಂದ ಬೀಸಿತು ಎಂಬುದು ಮೇಲ್ನೋಟಕ್ಕೇ ಗೊತ್ತಾಗುತ್ತದೆ. 1994ರಲ್ಲಿ ದೇವೇಗೌಡರ ಜನತಾದಳದ ಗಾಳಿ. 2018ರಲ್ಲಿ ಜೆಡಿಎಸ್ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರಗಳನ್ನು ಬಾಚಿಕೊಂಡಿತು. ಐದೇ ವರ್ಷಕ್ಕೆ, 2023ರಲ್ಲಿ, ಅದೇ ಜಿಲ್ಲೆ ಐದು ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆಗಳ ಸಾಲುಗಳಲ್ಲಿ ಹೆಸರುಗಳು ಬದಲಾಗುತ್ತವೆ, ಕೆಲವೊಮ್ಮೆ ಹೆಸರು ಅದೇ ಇದ್ದು ಪಕ್ಷ ಬದಲಾಗುತ್ತದೆ. ಪಾಂಡವಪುರದ ಸಾಲಿಗೆ ಬಂದಾಗ ಮಾತ್ರ ಕಣ್ಣು ನಿಲ್ಲುತ್ತದೆ. 1994, 2013, 2023. ಈ ಮೂರು ಸಲ ಅಲ್ಲಿಯ ಜನ ಮೂರು ದೊಡ್ಡ ಪಕ್ಷಗಳ ಯಾರನ್ನೂ ಕಳಿಸದೆ, ಹೆಗಲ ಮೇಲೆ ಹಸಿರು ಶಾಲು ಹೊದ್ದವರನ್ನು ವಿಧಾನಸೌಧಕ್ಕೆ ಕಳಿಸಿದ್ದಾರೆ. ಮೊದಲ ಎರಡು ಸಲ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ. ಮೂರನೆಯ ಸಲ ಅವರ ಮಗ ದರ್ಶನ್.

ಗೆದ್ದ ವರ್ಷಗಳು ಮೂರೇ. ಆದರೆ ಈ ಕಥೆಯ ಜೀವ ಇರುವುದು ಮೊದಲ ಎರಡು ಗೆಲುವುಗಳ ನಡುವಿನ ಹತ್ತೊಂಬತ್ತು ವರ್ಷಗಳಲ್ಲಿ. ಸೋತ ಮನುಷ್ಯನ ಮನೆ ಬಾಗಿಲಿಗೆ ಜನ ಬರುವುದು ಯಾಕೆ ನಿಲ್ಲಲಿಲ್ಲ? ನನ್ನ ಮಟ್ಟಿಗೆ ಇಡೀ ಇತಿಹಾಸ ಈ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ನೆಲದ ಮಾತು. ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದರೂ ನೀರಿನ ಲೆಕ್ಕದಲ್ಲಿ ಅಣ್ಣತಮ್ಮಂದಿರಂತಿಲ್ಲ. ಶ್ರೀರಂಗಪಟ್ಟಣಕ್ಕೆ ಅರಸರ ಕಾಲದ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳಿವೆ. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಪಾಂಡವಪುರದ ಒಂದು ಪಾಲನ್ನು ಹಸಿರು ಮಾಡಿ ಹುಲಿಕೆರೆಯ ಸುರಂಗ ಹೊಕ್ಕು ಮಂಡ್ಯದ ಕಡೆ ಹೋಗುತ್ತದೆ. ನಾಗಮಂಗಲ ಬಹುಪಾಲು ಮಳೆ ನಂಬಿದ ರಾಗಿ, ತೆಂಗಿನ ಸೀಮೆ. ಕೆ.ಆರ್. ಪೇಟೆಗೆ ಹೇಮಾವತಿಯ ಆಸರೆ. ಪಾಂಡವಪುರದೊಳಗೇ ಎರಡು ಲೋಕಗಳಿವೆ: ನಾಲೆಯ ಕೆಳಗಿನ ಗದ್ದೆ ಬಯಲು ಒಂದು, ಮೇಲುಕೋಟೆ ಬೆಟ್ಟದ ಮಗ್ಗುಲಿನ ಬೆದ್ದಲು ಇನ್ನೊಂದು. ಟಿಪ್ಪುವಿನ ನೆರವಿಗೆ ಬಂದ ಫ್ರೆಂಚ್ ಪಡೆ ಇಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರ ದಾಖಲೆಗಳಲ್ಲಿ ಇದು ‘ಫ್ರೆಂಚ್ ರಾಕ್ಸ್’. ಊರವರ ಬಾಯಲ್ಲಿ ಹಿರೋಡೆ. ಪಾಂಡವಪುರವಾದದ್ದು ಆಮೇಲೆ.

ವಿಶ್ವೇಶ್ವರಯ್ಯ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. ನೀರು ಹರಿದ ಹೊಸತರಲ್ಲಿ, 1930ರ ದಶಕದ ಆರಂಭದಲ್ಲೇ, ಸರ್ಕಾರ ಹೇರಿದ ಕಂದಾಯದ ಭಾರದ ವಿರುದ್ಧ ಮಂಡ್ಯ ಸೀಮೆಯ ರೈತರು ಎದ್ದು ನಿಂತಿದ್ದರು. ‘ನೀರು ಕೊಟ್ಟೆವಲ್ಲ, ಇನ್ನೇನು ಬೇಕು’ ಎನ್ನುವ ಸರ್ಕಾರಕ್ಕೆ ‘ಬೆಳೆದದ್ದರ ಬೆಲೆ ಬೇಕು’ ಎಂದು ಎದುರಾಡುವ ರೂಢಿ ಇಲ್ಲಿಯ ಮಣ್ಣಿಗೆ ಹೊಸದಲ್ಲ.

ಕಬ್ಬು ಎಂಥ ಬೆಳೆ ಎಂದು ತಿಳಿಯದವರಿಗೆ ಇಲ್ಲಿಯ ರಾಜಕೀಯ ತಿಳಿಯುವುದು ಕಷ್ಟ. ಭತ್ತವನ್ನು ಕೊಯ್ದು ಕಣ ಮಾಡಿ ಪಣತ ತುಂಬಿಸಿ ಬೆಲೆ ಬರುವತನಕ ಕಾಯಬಹುದು. ಕಬ್ಬು ಕಾಯುವುದಿಲ್ಲ. ಹನ್ನೆರಡು ತಿಂಗಳಿಗೆ ಬೆಳೆದು ನಿಂತ ಕಬ್ಬಿಗೆ ಕಾರ್ಖಾನೆ ಕಟಾವಿನ ಆದೇಶ ಕೊಡಬೇಕು. ಆದೇಶ ತಡವಾದರೆ ಕಬ್ಬು ಸೂಲಂಗಿ ಬಿಡುತ್ತದೆ. ಬೆಳ್ಳಗೆ ಗರಿಯಂಥ ಆ ಹೂವು ದೂರದಿಂದ ನೋಡುವವರಿಗೆ ಚೆಂದ, ಬೆಳೆದವನಿಗೆ ಹೊಟ್ಟೆಯುರಿ. ರಸ ಇಂಗಿ ಜಲ್ಲೆಯೊಳಗೆ ಬೆಂಡು ಕಟ್ಟುತ್ತದೆ, ತೂಕ ದಿನದಿನಕ್ಕೆ ಇಳಿಯುತ್ತದೆ. ಕಡಿದು ಗಾಡಿಗೆ ಹೇರಿದ ಮೇಲೂ ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತು ಒಣಗಬೇಕು. ತೂಗಿದ ಮೇಲೆ ದುಡ್ಡಿಗಾಗಿ ತಿಂಗಳುಗಟ್ಟಲೆ ಅಲೆಯಬೇಕು. ಅಷ್ಟರಲ್ಲಿ ಸೊಸೈಟಿ ಸಾಲದ ಗಡುವು ಮುಗಿದು ಬಡ್ಡಿಗೆ ಬಡ್ಡಿ ಬೆಳೆದಿರುತ್ತದೆ. ಮಂಡ್ಯದಲ್ಲಿ 1933ರಿಂದ ಮೈಷುಗರ್, ಪಾಂಡವಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ. ಇವೆರಡರ ಚಿಮಣಿಯಲ್ಲಿ ಹೊಗೆ ಆಡಿದರೆ ಸೀಮೆಯಲ್ಲಿ ಮದುವೆ ಮುಂಜಿ ನಡೆಯುತ್ತವೆ, ಹೊಗೆ ನಿಂತರೆ ಆಲೆಮನೆಯವರು ಹೇಳಿದ ಬೆಲೆಗೆ ಕಬ್ಬು ಹೋಗುತ್ತದೆ.

1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿದ ಸುದ್ದಿ ಮಂಡ್ಯಕ್ಕೂ ಮುಟ್ಟಿತು. ಆ ಕಿಚ್ಚಿನಿಂದಲೇ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ, ಕಡಿದಾಳು ಶಾಮಣ್ಣ ಮೊದಲಾದವರ ಕೈಯಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಬೆಳೆಯಿತು. ಆ ಕಾಲದ ಹಳ್ಳಿಗಳ ಬಾಗಿಲಲ್ಲಿ ಹಲಗೆಗಳು ಎದ್ದವು: ರೈತರ ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಕಾಲಿಡಕೂಡದು. ಸಾಲದ ಬಾಕಿಗೆಂದು ಅಧಿಕಾರಿಗಳು ಪಾತ್ರೆ ಪಗಡೆ, ಬಾಗಿಲು, ಎತ್ತುಗಳನ್ನು ಹೊತ್ತೊಯ್ದರೆ ಸಂಘದವರು ಗುಂಪಾಗಿ ಹೋಗಿ ಅವನ್ನು ವಾಪಸು ತರುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ‘ಮರುಜಪ್ತಿ’. ಜಪ್ತಿಯಾದ ಹಂಡೆಯನ್ನು ಹತ್ತಾರು ಜನ ಮೆರವಣಿಗೆಯಲ್ಲಿ ತಂದು ಮತ್ತೆ ಅದೇ ಒಲೆಯ ಮೇಲೆ ಕೂರಿಸಿದಾಗ ಆ ಮನೆಯ ಹೆಂಗಸಿಗೆ ಮರಳಿ ಸಿಕ್ಕದ್ದು ಹಂಡೆಯೊಂದೇ ಅಲ್ಲ, ಬೀದಿಯಲ್ಲಿ ತಲೆಯೆತ್ತಿ ನಡೆಯುವ ಧೈರ್ಯವೂ. ರೈತ ಸಾಲಗಾರನಲ್ಲ, ಸರ್ಕಾರವೇ ಅವನಿಗೆ ಬಾಕಿದಾರ ಎಂಬ ವಾದವನ್ನು ಪ್ರೊಫೆಸರ್ ನಂಜುಂಡಸ್ವಾಮಿ ಅಂಕಿಅಂಶಗಳ ಸಮೇತ ಮಂಡಿಸುತ್ತಿದ್ದರು. ಅದನ್ನೇ ಮಂಡ್ಯದ ಆಡುಮಾತಿಗೆ ತಂದು, ಜಗಲಿಯ ಮೇಲೆ ಕೂತವನಿಗೆ ಒಂದೇ ಸಲಕ್ಕೆ ನಾಟುವಂತೆ ಹೇಳಬಲ್ಲವರು ಪುಟ್ಟಣ್ಣಯ್ಯ.

ಅವರು ಹುಟ್ಟಿದ್ದು 1949ರಲ್ಲಿ, ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಲ್ಲಿ. ಹುಡುಗನಾಗಿದ್ದಾಗಿನಿಂದ ಕಬಡ್ಡಿ ಆಟಗಾರ. ಎದುರಾಳಿಗಳ ಪಾಳೆಯಕ್ಕೆ ಒಬ್ಬನೇ ನುಗ್ಗಿ, ಉಸಿರು ಕಟ್ಟಿ, ಒಬ್ಬಿಬ್ಬರನ್ನಾದರೂ ಮುಟ್ಟಿ ಗೆರೆಗೆ ಮರಳುವ ಆಟ ಅದು. ಆ ಅಭ್ಯಾಸ ಸದನದಲ್ಲೂ ಅವರಿಗೆ ಒದಗಿಬಂತು ಅನಿಸುತ್ತದೆ. ಅವರ ಭಾಷಣ ಕೇಳಿದವರಿಗೆ ಗೊತ್ತು. ಭಾಷಣ ಅನ್ನುವುದಕ್ಕಿಂತ ಅದು ಎದುರು ಕೂತು ಆಡುವ ಮಾತು. ನಗಿಸುತ್ತಾ ನಗಿಸುತ್ತಾ ಒಂದು ಹೊತ್ತಿಗೆ ಕೇಳುವವರು ಸುಮ್ಮನಾಗಿಬಿಡುತ್ತಿದ್ದರು.

ರೈತ ಸಂಘ ಚುನಾವಣೆಗೆ ಇಳಿಯಬೇಕೇ ಬೇಡವೇ ಎಂಬ ಚರ್ಚೆ ಸಂಘದೊಳಗೇ ಜೋರಾಗಿತ್ತು. 1989ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮಾಂತರ ಎರಡರಲ್ಲೂ ಗೆದ್ದರು. ತೆರವಾದ ಧಾರವಾಡ ಗ್ರಾಮಾಂತರದಿಂದ ಉಪಚುನಾವಣೆಯಲ್ಲಿ ನಂಜುಂಡಸ್ವಾಮಿ ಸದನಕ್ಕೆ ಬಂದರು. 1994ರಲ್ಲಿ ಇಡೀ ರಾಜ್ಯದಲ್ಲಿ ಸಂಘಕ್ಕೆ ದಕ್ಕಿದ್ದು ಒಂದೇ ಒಂದು ಸ್ಥಾನ, ಪಾಂಡವಪುರ. ಒಕ್ಕಲಿಗರ ನಾಡಿನ ಒಬ್ಬ ನಾಯಕ ಮುಖ್ಯಮಂತ್ರಿಯಾಗಲಿದ್ದಾರೆ ಎಂಬ ಹುರುಪು ಜಿಲ್ಲೆಯ ತುಂಬ ಹರಡಿದ್ದ ಚುನಾವಣೆ ಅದು. ಜನತಾದಳಕ್ಕೆ 115 ಸ್ಥಾನಗಳು ಬಂದವು. ಅಂಥ ಹೊತ್ತಿನಲ್ಲಿ ದಳವನ್ನೂ ಕಾಂಗ್ರೆಸ್ಸನ್ನೂ ಬಿಟ್ಟು ಸಂಘದ ಅಭ್ಯರ್ಥಿಗೆ ವೋಟು ಹಾಕಲು ಜಾತಿ, ನೆಂಟಸ್ತನ, ಮುಖಂಡರ ಮುಲಾಜು ಎಲ್ಲವನ್ನೂ ದಾಟಿ ಬರಬೇಕಾಗಿತ್ತು. ಜನ ದಾಟಿದರು. ಅಭ್ಯರ್ಥಿಯ ಖರ್ಚಿಗೆ ತಾವೇ ಕೈಯಿಂದ ದುಡ್ಡು ಹಾಕಿ, ಆಮೇಲೆ ವೋಟನ್ನೂ ಹಾಕುವ ಪದ್ಧತಿ ಈ ಕ್ಷೇತ್ರಕ್ಕೆ ಬಂದದ್ದು ಸಂಘದಿಂದ. ವೋಟಿಗೆ ನೋಟು ಹಂಚುವುದು ಮಾಮೂಲಾದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಒಬ್ಬನೇ ಶಾಸಕ, ಹಿಂದೆ ಮುಂದೆ ಪಕ್ಷವಿಲ್ಲ. ಸರ್ಕಾರ ಉರುಳಿಸುವ ಬಲವೂ ಇಲ್ಲ, ಉಳಿಸುವ ಬಲವೂ ಇಲ್ಲ. ಅವರ ಕೈಲಿದ್ದದ್ದು ಮಾತು. ಬಿತ್ತನೆ ಬೀಜ, ಗೊಬ್ಬರ, ಆಳಿನ ಕೂಲಿ, ಎತ್ತಿನ ಬಾಡಿಗೆ, ಮನೆಮಂದಿಯ ದುಡಿಮೆ ಎಲ್ಲವನ್ನೂ ಕೂಡಿ, ಬೆಳೆಗೆ ವೈಜ್ಞಾನಿಕ ಬೆಲೆ ಎಂದರೆ ಏನು ಎಂದು ಸದನಕ್ಕೆ ಬಿಡಿಸಿ ಹೇಳುವುದು ಅವರಿಗೆ ಬೇಸರವಾಗದ ಕೆಲಸ.

1999ರಲ್ಲಿ ಸೋತರು. ಆ ವರ್ಷ ಇದೇ ಜಿಲ್ಲೆಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು. ಅಲ್ಲಿಂದಾಚೆ ಸಂಘಕ್ಕೂ ಒಳ್ಳೆಯ ದಿನಗಳಿರಲಿಲ್ಲ. ನಂಜುಂಡಸ್ವಾಮಿಯವರದೊಂದು ಬಣ, ಪುಟ್ಟಣ್ಣಯ್ಯನವರದೊಂದು ಬಣ ಎಂದು ಒಡೆಯಿತು. ಜೊತೆಗೂಡಿ ಜೈಲು ಕಂಡವರು ಬೇರೆ ಬೇರೆ ವೇದಿಕೆಗಳಲ್ಲಿ ಕೂತರು. ಈ ಒಡಕಿಗೆ ತೆತ್ತ ಬೆಲೆಯನ್ನು ಸಂಘ ಇವತ್ತಿಗೂ ತೀರಿಸಿಕೊಂಡಿಲ್ಲ ಎಂದೇ ನನ್ನ ಅನಿಸಿಕೆ. 2004ರ ಫೆಬ್ರುವರಿ 3ರಂದು ನಂಜುಂಡಸ್ವಾಮಿ ತೀರಿಕೊಂಡರು.

ನಡುವೆ ಕಷ್ಟಗಳು ಸಾಲುಗಟ್ಟಿದವು. ತೆಂಗಿಗೆ ನುಸಿ ಬಿತ್ತು. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ತೋಟಗಳಲ್ಲಿ ಕಾಯಿ ಮುರುಟಿ ಕರಕಲು ಬಣ್ಣಕ್ಕೆ ತಿರುಗಿತು. ನೀರಾ ಇಳಿಸಲು ಬಿಡಿ ಎಂದು ಕೇಳಿದ ರೈತರ ಮೇಲೆ 2001ರ ಅಕ್ಟೋಬರಿನಲ್ಲಿ ಚನ್ನಪಟ್ಟಣದ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಯಿತು. ಮರುವರ್ಷ ಮಳೆ ಕೈಕೊಟ್ಟು ಕಾವೇರಿ ಕುದಿಯಿತು. ಜಿ. ಮಾದೇಗೌಡರ ಹಿತರಕ್ಷಣಾ ಸಮಿತಿ ಒಂದು ಕಡೆ, ಹಸಿರು ಶಾಲಿನವರು ಇನ್ನೊಂದು ಕಡೆ ರಸ್ತೆಗಿಳಿದರು. ಮುಖ್ಯಮಂತ್ರಿ ಕೃಷ್ಣ ಅವರೇ ಪಾದಯಾತ್ರೆ ಹೊರಟರು.

ಇಷ್ಟೆಲ್ಲ ವರ್ಷ ಪುಟ್ಟಣ್ಣಯ್ಯ ಶಾಸಕರಲ್ಲ. ಆದರೂ ಟಿಸಿ ಸುಟ್ಟು ಪಂಪ್‌ಸೆಟ್ ನಿಂತರೆ, ನಾಲೆಯ ಕೊನೆಗೆ ನೀರು ಬಾರದಿದ್ದರೆ, ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ, ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ‘ಸಂಘದೋರನ್ನ ಕರೀರಿ’ ಎನ್ನುವ ಮಾತು ಊರುಗಳಲ್ಲಿ ತಪ್ಪಲಿಲ್ಲ. ಹೋಬಳಿಯಲ್ಲಿ ಒಬ್ಬ, ಊರಿಗೊಬ್ಬ ಎಂಬಂತೆ ಹಸಿರು ಶಾಲಿನವರಿದ್ದರು. ಆ ಶಾಲೆಂದರೆ ಏನು? ಒಂದು ತೆಳು ಬಟ್ಟೆ. ಬಿಸಿಲಿಗೆ ತಲೆಗೆ ಸುತ್ತುತ್ತಾರೆ, ಬೆವರು ಒರೆಸುತ್ತಾರೆ, ಧರಣಿ ಕೂತಲ್ಲಿ ಮಡಚಿ ತಲೆಯಡಿಗೆ ಇಟ್ಟು ಮಲಗುತ್ತಾರೆ. ಒಗೆದು ಒಗೆದು ಬಣ್ಣ ಮಾಸಿ ಪಾಚಿಯಂತಾದ ಶಾಲನ್ನು ಹೊಸ ಶಾಲಿಗಿಂತ ಹೆಚ್ಚು ಅಭಿಮಾನದಿಂದ ಹೊದೆಯುತ್ತಾರೆ. ಒಬ್ಬಂಟಿಯಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಲು ಹಿಂಜರಿಯುವ ಮನುಷ್ಯ ಆ ಬಟ್ಟೆ ಹೆಗಲ ಮೇಲೆ ಬಿದ್ದಾಗ ಬೇರೆ ದನಿಯಲ್ಲಿ ಮಾತಾಡುತ್ತಾನೆ.

2005ರಲ್ಲಿ ಇನ್ನೊಂದು ಹೆಜ್ಜೆ. ದೇವನೂರ ಮಹಾದೇವ ಮತ್ತು ಸಂಗಾತಿಗಳ ಜೊತೆ ಸೇರಿ ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದರು. ದಲಿತ ಚಳವಳಿ, ರೈತ ಚಳವಳಿ ಎರಡೂ ಒಂದೇ ಚಪ್ಪರದ ಕೆಳಗೆ ಬರಬೇಕೆಂಬ ಆಸೆ ಅದರ ಹಿಂದಿತ್ತು. ಹಳ್ಳಿಯಲ್ಲಿ ಗದ್ದೆಯ ಒಡೆಯನೂ ಗದ್ದೆಯ ಕೂಲಿಯೂ ಒಂದೇ ಬೆಂಚಿನಲ್ಲಿ ಕೂರುವುದು ಎಷ್ಟು ಕಷ್ಟ ಎಂದು ಬಲ್ಲವರಿಗೆ ಆ ಆಸೆಯ ತೂಕ ಗೊತ್ತಾಗುತ್ತದೆ. ಅದು ಪೂರ್ತಿ ಕೈಗೂಡಿತೆಂದು ಹೇಳಲಾರೆ. ಆದರೆ ಮಂಡ್ಯದ ನೆಲದಲ್ಲಿ ನಿಂತು ಅದನ್ನು ಪ್ರಯತ್ನಿಸಿದ್ದೇ ದೊಡ್ಡದು.

2008ರ ಹೊತ್ತಿಗೆ ಕ್ಷೇತ್ರ ಪುನರ್ವಿಂಗಡಣೆಯಾಗಿ ಪಾಂಡವಪುರ ಹೋಗಿ ಮೇಲುಕೋಟೆ ಎಂಬ ಹೆಸರು ಬಂತು. ಮಂಡ್ಯ ತಾಲ್ಲೂಕಿನ ದುದ್ದ ಕಡೆಯ ಊರುಗಳೂ ಕೂಡಿಕೊಂಡವು. ಆ ಚುನಾವಣೆಯಲ್ಲಿ ಗೆದ್ದವರು ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು. ಚಿನಕುರಳಿಯವರು. ಕ್ಯಾತನಹಳ್ಳಿ ಮತ್ತು ಚಿನಕುರಳಿ, ಎರಡೂ ಇದೇ ತಾಲ್ಲೂಕಿನ ಊರುಗಳು. ಮುಂದಿನ ಹದಿನೈದು ವರ್ಷ ಈ ಕ್ಷೇತ್ರದ ಚುನಾವಣೆಯೆಂದರೆ ಈ ಎರಡು ಊರುಗಳ ಜಿದ್ದಾಜಿದ್ದಿ. ಪುಟ್ಟರಾಜು ಅವರೂ ಸುಲಭದ ಎದುರಾಳಿಯಲ್ಲ. 2013ರ ಮೇ ತಿಂಗಳಲ್ಲಿ ಪುಟ್ಟಣ್ಣಯ್ಯ ಸುಮಾರು 10 ಸಾವಿರ ವೋಟುಗಳಿಂದ ಅವರನ್ನು ಸೋಲಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಮಂಡ್ಯ ಲೋಕಸಭಾ ಉಪಚುನಾವಣೆಗೆ ನಿಂತು ಪುಟ್ಟರಾಜು ನಟಿ ರಮ್ಯಾ ಎದುರು ಮತ್ತೆ ಸೋತರು. ಆದರೂ 2014ರಲ್ಲಿ ಅದೇ ರಮ್ಯಾ ಅವರನ್ನು ಅಲ್ಪ ಅಂತರದಲ್ಲಿ ಸೋಲಿಸಿ ಸಂಸತ್ತಿಗೆ ಹೋದರು. ಸೋತಲ್ಲಿಂದ ಎದ್ದು ಬರುವ ಛಲ ಎರಡೂ ಊರುಗಳಿಗಿತ್ತು.

ಎರಡನೆಯ ಸಲ ಸದನಕ್ಕೆ ಬಂದಾಗ ಪುಟ್ಟಣ್ಣಯ್ಯನವರಿಗೆ ಅರವತ್ತು ದಾಟಿತ್ತು. ಮೊದಲ ವರ್ಷವೇ, 2013ರ ನವೆಂಬರಿನಲ್ಲಿ, ಬೆಳಗಾವಿ ಅಧಿವೇಶನದ ಹೊತ್ತಿಗೆ ಕಬ್ಬಿನ ಬೆಲೆಗಾಗಿ ಧರಣಿ ಕೂತಿದ್ದ ರೈತರೊಬ್ಬರು ಸುವರ್ಣಸೌಧದ ಬಳಿ ವಿಷ ಕುಡಿದು ಪ್ರಾಣ ಬಿಟ್ಟರು. 2015ರಲ್ಲಿ ಸಾವು ಮಂಡ್ಯದ ಹಳ್ಳಿಗಳಿಗೇ ಬಂತು. ಒಬ್ಬ ರೈತ ತಾನೇ ಬೆಳೆದ ಕಬ್ಬಿನ ಗದ್ದೆಗೆ ಬೆಂಕಿ ಇಟ್ಟು ಅದೇ ಬೆಂಕಿಗೆ ಹಾರಿದ. ಒಂದರ ಹಿಂದೊಂದು ಮನೆಯ ಅಂಗಳದಲ್ಲಿ ಶಾಮಿಯಾನಗಳು ಎದ್ದವು. ಅಕ್ಟೋಬರಿನಲ್ಲಿ ರಾಹುಲ್ ಗಾಂಧಿ ಪಾಂಡವಪುರ ತಾಲ್ಲೂಕಿನ ಸಣಬದಕೊಪ್ಪಲಿಗೆ ಬಂದು ಹೋದರು. ‘ಸಾಯಬೇಡ, ಬಾ, ಬೀದಿಗಿಳಿದು ಕೇಳೋಣ’ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದ ಚಳವಳಿಗೆ ಆ ವರ್ಷ ಎಷ್ಟು ನೋವಿನದಾಗಿರಬೇಕು.

ನೆರೆಯ ತಾಲ್ಲೂಕುಗಳಲ್ಲಿ ಆಗ ಬೇರೆ ಬಗೆಯ ರಾಜಕೀಯ ನಡೆದಿತ್ತು. 2016ರ ರಾಜ್ಯಸಭಾ ಚುನಾವಣೆಯಲ್ಲಿ ಜೆಡಿಎಸ್ ವಿರುದ್ಧ ವೋಟು ಹಾಕಿದ ಶಾಸಕರಲ್ಲಿ ನಾಗಮಂಗಲದ ಎನ್. ಚೆಲುವರಾಯಸ್ವಾಮಿ, ಶ್ರೀರಂಗಪಟ್ಟಣದ ರಮೇಶ ಬಂಡಿಸಿದ್ದೇಗೌಡ ಇಬ್ಬರೂ ಇದ್ದರು. ಕಾಂಗ್ರೆಸ್ ಸೇರಿ 2018ರಲ್ಲಿ ಸೋತು, 2023ರಲ್ಲಿ ಇಬ್ಬರೂ ಮರಳಿ ಗೆದ್ದರು. ಕೆ.ಆರ್. ಪೇಟೆಯ ಕೆ.ಸಿ. ನಾರಾಯಣಗೌಡ 2019ರಲ್ಲಿ ಜೆಡಿಎಸ್ ಬಿಟ್ಟು, ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಗೆ ಮಂಡ್ಯ ಜಿಲ್ಲೆಯ ಮೊತ್ತಮೊದಲ ವಿಧಾನಸಭಾ ಗೆಲುವು ತಂದುಕೊಟ್ಟರು. ಆಗ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪ ಹುಟ್ಟಿದ ಬೂಕನಕೆರೆ ಇರುವುದೂ ಅದೇ ತಾಲ್ಲೂಕಿನಲ್ಲಿ. ಅದೇ ಪೇಟೆ ಹಿಂದೆ ಕೃಷ್ಣ (ಎಸ್.ಎಂ. ಕೃಷ್ಣ ಅಲ್ಲ, ಕೆ.ಆರ್. ಪೇಟೆ ಕೃಷ್ಣ) ಅವರಂಥ ಸರಳ ಮನುಷ್ಯನನ್ನು ಗೆಲ್ಲಿಸಿ ಕಳಿಸಿತ್ತು, ಅವರು ವಿಧಾನಸಭೆಯ ಅಧ್ಯಕ್ಷರೂ ಆಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.

2018ರ ಫೆಬ್ರುವರಿ 16, ಶುಕ್ರವಾರ. ಕಾವೇರಿ ವಿವಾದದಲ್ಲಿ ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬಂತು, ಕರ್ನಾಟಕದ ಪಾಲಿಗೆ 14.75 ಟಿಎಂಸಿ ನೀರು ಹೆಚ್ಚಾಯಿತು. ಮಂಡ್ಯ ಬಹಳ ವರ್ಷಗಳ ಮೇಲೆ ಸ್ವಲ್ಪ ನಿರಾಳವಾಗಿ ಉಸಿರಾಡಿತು. ಭಾನುವಾರ, 18ರ ರಾತ್ರಿ, ಮಂಡ್ಯದ ಕ್ರೀಡಾಂಗಣದಲ್ಲಿ ಕಬಡ್ಡಿ ಪಂದ್ಯ. ನೋಡಲು ಪುಟ್ಟಣ್ಣಯ್ಯ ಬಂದು ಕೂತಿದ್ದರು. ಅಲ್ಲೇ ಹೃದಯಾಘಾತವಾಯಿತು. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಹುಡುಗತನದಿಂದ ಪ್ರೀತಿಸಿದ ಆಟದ ಅಂಗಳದ ಪಕ್ಕದಲ್ಲೇ ಉಸಿರು ನಿಂತಿತು. ಕ್ಯಾತನಹಳ್ಳಿಯಲ್ಲಿ ಅಂತ್ಯಕ್ರಿಯೆಗೆ ರಾಜ್ಯದ ಮೂಲೆಮೂಲೆಯಿಂದ ಹಸಿರು ಶಾಲುಗಳು ಬಂದವು. ಬಣ ಯಾವುದೆಂದು ಅಂದು ಯಾರೂ ಕೇಳಲಿಲ್ಲ.

ಚುನಾವಣೆಗೆ ಮೂರು ತಿಂಗಳೂ ಇರಲಿಲ್ಲ. ಅಮೆರಿಕದ ಡೆನ್ವರಿನಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದ ಮಗ ದರ್ಶನ್ ಅಪ್ಪನ ಜಾಗಕ್ಕೆ ಬಂದರು. ಸರ್ವೋದಯ ಕರ್ನಾಟಕ ಪಕ್ಷ ಅಷ್ಟರಲ್ಲಿ ಯೋಗೇಂದ್ರ ಯಾದವರ ಸ್ವರಾಜ್ ಇಂಡಿಯಾದೊಂದಿಗೆ ಕೂಡಿತ್ತು. ಕಾಂಗ್ರೆಸ್ ತನ್ನ ಅಭ್ಯರ್ಥಿಯನ್ನು ಹಾಕದೆ ಬೆಂಬಲಿಸಿತು. ಅನುಕಂಪವಿತ್ತು, ಹೊಸ ಹುಡುಗರ ಓಡಾಟವಿತ್ತು. ಆದರೆ ಕುಮಾರಸ್ವಾಮಿ ಮುಖ್ಯಮಂತ್ರಿಯಾಗಬೇಕೆಂಬ ಗಾಳಿ ಅದಕ್ಕಿಂತ ಬಲವಾಗಿ ಬೀಸಿತು. ಪುಟ್ಟರಾಜು 22 ಸಾವಿರಕ್ಕೂ ಹೆಚ್ಚು ವೋಟುಗಳಿಂದ ಗೆದ್ದು ಸಣ್ಣ ನೀರಾವರಿ ಸಚಿವರಾದರು.

ಅಮೆರಿಕದವನು ಅಮೆರಿಕಕ್ಕೆ ಹೋಗುತ್ತಾನೆ ಎಂದು ಆಡಿಕೊಂಡವರಿದ್ದರು. 2019ರ ಲೋಕಸಭೆಗೆ ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತಾಗ ರೈತ ಸಂಘ ಅವರ ಬೆನ್ನಿಗೆ ನಿಂತಿತು, ಅವರು ಒಂದು ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದರು. ಪಾಂಡವಪುರದ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಮುಚ್ಚಿಕೊಂಡಿದ್ದು, 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ನಿರಾಣಿ ಸಮೂಹದ ಪಾಲಾಯಿತು. ರೈತರ ಷೇರಿನಿಂದ ಕಟ್ಟಿದ ಕಾರ್ಖಾನೆಯ ಚಿಮಣಿ ಮತ್ತೆ ಹೊಗೆಯಾಡಿದ್ದು ಖಾಸಗಿಯವರ ಕೈಯಲ್ಲಿ. 2023ರ ಮೇ 13ರಂದು ಎಣಿಕೆ ಮುಗಿದಾಗ ದರ್ಶನ್ ಪುಟ್ಟಣ್ಣಯ್ಯ 10 ಸಾವಿರಕ್ಕೂ ಹೆಚ್ಚು ವೋಟುಗಳಿಂದ ಮುಂದಿದ್ದರು. ಈ ಸಲವೂ ಕಾಂಗ್ರೆಸ್ ಕಣದಲ್ಲಿರಲಿಲ್ಲ. ಅಂತರ ಹೆಚ್ಚುಕಡಿಮೆ ಹತ್ತು ವರ್ಷದ ಹಿಂದೆ ಅಪ್ಪ ಪಡೆದಷ್ಟೇ.

ಗೆದ್ದ ವರ್ಷವೇ ಮುಂಗಾರು ಕೈಕೊಟ್ಟಿತು. 124.80 ಅಡಿ ತುಂಬಬೇಕಾದ ಕನ್ನಂಬಾಡಿ ಸೆಪ್ಟೆಂಬರಿನಲ್ಲಿ 100 ಅಡಿಗೂ ಕೆಳಗಿತ್ತು. ತಮಿಳುನಾಡಿಗೆ ನೀರು ಬಿಡಿ ಎಂಬ ಆದೇಶ ಬಂತು, ಗೇಟು ತೆರೆಯಿತು. ಸೆಪ್ಟೆಂಬರ್ 23ರಂದು ಮಂಡ್ಯ ಬಂದ್. ಸರ್ಕಾರ ನಡೆಸುತ್ತಿದ್ದದ್ದು ದರ್ಶನ್ ಅವರನ್ನು ಬೆಂಬಲಿಸಿದ ಪಕ್ಷ, ರಸ್ತೆಯಲ್ಲಿ ಕೂತಿದ್ದದ್ದು ಅವರನ್ನು ಗೆಲ್ಲಿಸಿದ ಜನ. ಅಪ್ಪ ಎಷ್ಟೋ ಸಲ ಕೂತ ಅದೇ ರಸ್ತೆಗೆ ಮಗನೂ ಬಂದು ಕೂರಬೇಕಾಯಿತು. ಬಿತ್ತನೆಗೆ ಹದ ಮಾಡಿಟ್ಟ ಗದ್ದೆಗಳು ಹಾಗೇ ಬಿರಿದಿದ್ದವು. ನಾಲೆಯ ತೂಬಿನ ಬಾಯಲ್ಲಿ ಹಳೆಯ ಶಾಲೊಂದನ್ನು ತಲೆಗೆ ಸುತ್ತಿಕೊಂಡ ಮುದುಕರು ಇವತ್ತಾದರೂ ನಮ್ಮ ಸರದಿಗೆ ನೀರು ಬರುತ್ತದೆಯೇ ಎಂದು ಮೇಲುಗಡೆ ನೋಡುತ್ತಾ ಕೂತಿದ್ದರು.